ಮಡಾರಾಕಾ ಎಕ್ಸ್‌ಪ್ರೆಸ್: ಗಾಡಿ ಚೆನ್ನಾಗಿದೆ, ಹಳಿಯ ತುದಿಗಳೇ ಸರಿಯಿಲ್ಲ

ಕೆನ್ಯಾದ ರಾಜಧಾನಿ ನೈರೋಬಿಯಿಂದ ಬಂದರು ನಗರ ಮೊಂಬಾಸಾಗೆ ಹಳಿಯ ಉದ್ದ 472 ಕಿಲೋಮೀಟರ್. ಹೆಚ್ಚುಕಡಿಮೆ ನಮ್ಮ ಬೆಂಗಳೂರು–ಹುಬ್ಬಳ್ಳಿಯಷ್ಟು ದೂರ. ಬಸ್ಸಿನಲ್ಲಿ ಎಂಟರಿಂದ ಹತ್ತು ಗಂಟೆ ಹಿಡಿಯುವ ಈ ದಾರಿಯನ್ನು ಮಡಾರಾಕಾ ಎಕ್ಸ್‌ಪ್ರೆಸ್ ಐದಾರು ಗಂಟೆಯಲ್ಲಿ ಮುಗಿಸುತ್ತದೆ. 2017ರ ಮೇ 31ರಂದು ಉದ್ಘಾಟನೆಯಾದ ಈ ರೈಲು ಚೀನಾದ ಸಾಲದಲ್ಲಿ, ಚೀನಾದ ಕಂಪನಿ ಕಟ್ಟಿ, ಚೀನಾದ ಎಂಜಿನ್ನು ಎಳೆಯುವ ಗಾಡಿ. ಬಡ ದೇಶಗಳಿಗೆ ಹೊಸ ಶ್ರೀಮಂತ ದೇಶಗಳು ಸಾಲ ಕೊಟ್ಟರೆ ಏನಾಗುತ್ತದೆ ಎಂಬ ಚರ್ಚೆ ಎಲ್ಲಿ ನಡೆದರೂ ಇದರ ಹೆಸರು ಬಂದೇ ಬರುತ್ತದೆ. ಪ್ರಯಾಣಿಕರ ಸೇವೆಯಾಗಿ ನೋಡಿದರೆ ಐದಕ್ಕೆ ನಾಲ್ಕು ಕೊಡಬಹುದು. ಒಂದು ದೇಶ ಸಾಲ ಮಾಡಿ ಕೊಂಡ ಸರಕಾಗಿ ನೋಡಿದರೆ ಎರಡರ ಮೇಲೆ ಕೊಡಲು ಮನಸ್ಸು ಬರುವುದಿಲ್ಲ. ಎರಡಕ್ಕೂ ಕಾರಣ ಒಂದೇ: ಈ ಹಳಿ ಎಲ್ಲಿಂದ ಹೊರಡಬೇಕೋ ಅಲ್ಲಿಂದ ಹೊರಡುವುದಿಲ್ಲ, ಎಲ್ಲಿಗೆ ಮುಟ್ಟಬೇಕೋ ಅಲ್ಲಿಗೆ ಮುಟ್ಟುವುದಿಲ್ಲ.

ಮೊದಲು ಟಿಕೆಟ್ಟಿನ ವಿಚಾರ. 2024ರ ಜನವರಿಯಿಂದ ನೈರೋಬಿ–ಮೊಂಬಾಸಾ ಪೂರ್ತಿ ದೂರಕ್ಕೆ ಎಕಾನಮಿಗೆ 1,500 ಶಿಲ್ಲಿಂಗ್, ಫಸ್ಟ್ ಕ್ಲಾಸಿಗೆ 4,500. ನಮ್ಮ ಲೆಕ್ಕದಲ್ಲಿ ಸುಮಾರು ಸಾವಿರ ರೂಪಾಯಿ ಮತ್ತು ಮೂರು ಸಾವಿರ. ಅದಕ್ಕೂ ಮುಂಚೆ 1,000 ಮತ್ತು 3,000 ಇತ್ತು. ಒಂದೇ ಏಟಿಗೆ ಒಂದೂವರೆ ಪಟ್ಟು ಏರಿಸಲು ಕೊಟ್ಟ ಕಾರಣ ಡೀಸೆಲ್ ಬೆಲೆ. ಅದು ನೆಪವಲ್ಲ, ಮುಂದೆ ಹೇಳುತ್ತೇನೆ. 3ರಿಂದ 11 ವರ್ಷದ ಮಕ್ಕಳಿಗೆ ಅರ್ಧ ಟಿಕೆಟ್. ದಿನಕ್ಕೆ ಮೂರು ಹೊತ್ತು ಗಾಡಿ ಇದೆ: ಬೆಳಿಗ್ಗೆ 8ಕ್ಕೆ ಎಲ್ಲಾ ಕಡೆ ನಿಲ್ಲುವ ಇಂಟರ್ ಕೌಂಟಿ, ಮಧ್ಯಾಹ್ನ 3ಕ್ಕೆ ಎಕ್ಸ್‌ಪ್ರೆಸ್, ರಾತ್ರಿ 10ಕ್ಕೆ ಇನ್ನೊಂದು. ಎರಡೂ ಊರಿನಿಂದ ಇದೇ ಸಮಯ. ರಾತ್ರಿ ಗಾಡಿ ಕೇಳಲು ಚೆಂದ, ಆದರೆ ನಸುಕಿನ ಮೂರೂವರೆ–ನಾಲ್ಕಕ್ಕೆ ಊರಾಚೆ ಇಳಿಸಿ ಕೈತೊಳೆದುಕೊಳ್ಳುತ್ತದೆ. ಮಲಗುವ ಬರ್ತ್ ಕೂಡ ಇಲ್ಲ. ಹೋಟೆಲ್ ಬಾಡಿಗೆ ಉಳಿಸುವ ಆಸೆಗೆ ಅದನ್ನು ಹತ್ತಬೇಡಿ.

ಬುಕಿಂಗ್ ಕೆನ್ಯಾ ರೈಲ್ವೇಸ್‌ನ ವೆಬ್‌ಸೈಟಿನಲ್ಲಿ, ಇಲ್ಲವೇ ಫೋನಿನಲ್ಲಿ ಸ್ಟಾರ್ 639 ಹ್ಯಾಶ್ ಒತ್ತಿ. ಹಣ ಕಟ್ಟುವುದು ಎಂ-ಪೆಸಾದಲ್ಲಿ, ಅಂದರೆ ಅಲ್ಲಿನ ಮೊಬೈಲ್ ಹಣದ ಸೇವೆಯಲ್ಲಿ. ಹೊಸಬರು ಎಡವುವುದು ಇಲ್ಲೇ. ಎಂ-ಪೆಸಾ ಬೇಕೆಂದರೆ ಅಲ್ಲಿನ ಸಫಾರಿಕಾಮ್ ಸಿಮ್ ಬೇಕು. ವಿಮಾನ ನಿಲ್ದಾಣದಲ್ಲೇ ಪಾಸ್‌ಪೋರ್ಟ್ ತೋರಿಸಿ ಸಿಮ್ ತೆಗೆದುಕೊಂಡು, ಎಂ-ಪೆಸಾ ನೋಂದಣಿ ಮಾಡಿಸಿ, ಏಜೆಂಟರ ಹತ್ತಿರ ನಗದು ಕೊಟ್ಟು ಹಣ ತುಂಬಿಸಿಕೊಳ್ಳಿ. ಆಮೇಲೆ ಬುಕಿಂಗಿಗೆ ಕೂರಿ. ಸೀಟು ಹಿಡಿದಿಟ್ಟುಕೊಂಡು ಹಣ ಕಟ್ಟಲು ತಡ ಮಾಡಿದರೆ ಬುಕಿಂಗ್ ತಾನೇ ರದ್ದಾಗುತ್ತದೆ. ಹೆಸರು ಮತ್ತು ನಂಬರ್ ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ಇರಲಿ, ಗೇಟಿನಲ್ಲಿ ತಾಳೆ ನೋಡುತ್ತಾರೆ. ಡಿಸೆಂಬರ್ ಕೊನೆ, ಈಸ್ಟರ್, ಶಾಲೆ ರಜೆ ಈ ಮೂರು ಹೊತ್ತಿನಲ್ಲಿ ವಾರಗಳ ಮುಂಚೆಯೇ ಎಕಾನಮಿ ಟಿಕೆಟ್ ಮುಗಿದಿರುತ್ತದೆ.

ನೈರೋಬಿ ಟರ್ಮಿನಸ್ ಅಂದರೆ ನೈರೋಬಿಯಲ್ಲಿಲ್ಲ. ಅದು ಸ್ಯೊಕಿಮಾವುನಲ್ಲಿದೆ, ಪೇಟೆಯಿಂದ ಸುಮಾರು 18 ಕಿಲೋಮೀಟರ್ ಆಚೆ. ಹೋಗಲು ಎರಡು ದಾರಿ. ಊರ ನಡುವಿನ ಹಳೇ ರೈಲು ನಿಲ್ದಾಣದಿಂದ ಎಕ್ಸ್‌ಪ್ರೆಸ್ಸಿನ ಸಮಯಕ್ಕೆ ಹೊಂದಿಸಿದ ಲೋಕಲ್ ಗಾಡಿ ಇದೆ. ಅಗ್ಗ, ಟ್ರಾಫಿಕ್ಕಿನ ಕಾಟವಿಲ್ಲ, ಆದರೆ ಅದು ತಪ್ಪಿದರೆ ಕೆಲಸ ಕೆಟ್ಟಿತು. ಇನ್ನೊಂದು ಟ್ಯಾಕ್ಸಿ. 2022ರಲ್ಲಿ ತೆರೆದ ಎಕ್ಸ್‌ಪ್ರೆಸ್‌ವೇಯಲ್ಲಿ ಹೋದರೆ ಬೇಗ ಮುಟ್ಟುತ್ತೀರಿ. ಟೋಲ್ ನಿಮ್ಮದೋ ಚಾಲಕನದೋ ಎಂದು ಹತ್ತುವ ಮುಂಚೆಯೇ ಮಾತಾಡಿಕೊಳ್ಳಿ. ಅಂದಹಾಗೆ ಆ ಮೇಲ್ಸೇತುವೆ ರಸ್ತೆಯನ್ನು ಕಟ್ಟಿದ್ದೂ ರೈಲು ಹಳಿ ಹಾಕಿದ ಅದೇ ಚೀನೀ ಕಂಪನಿ, ಚೈನಾ ರೋಡ್ ಆ್ಯಂಡ್ ಬ್ರಿಡ್ಜ್ ಕಾರ್ಪೊರೇಷನ್.

ಒಂದೂವರೆ ಗಂಟೆ ಮುಂಚೆ ನಿಲ್ದಾಣ ತಲುಪಿ ಎನ್ನುವುದು ಅತಿಶಯವಲ್ಲ. ಚೀಲ, ಸೂಟ್‌ಕೇಸ್ ಎಲ್ಲವನ್ನೂ ನೆಲದ ಮೇಲೆ ಸಾಲಾಗಿ ಇಟ್ಟು ಜನ ಗೆರೆಯ ಹಿಂದೆ ನಿಲ್ಲಬೇಕು. ಪೊಲೀಸ್ ನಾಯಿ ಒಂದೊಂದನ್ನೇ ಮೂಸಿ ಹೋದಮೇಲೆ ಎತ್ತಿಕೊಳ್ಳಬಹುದು. ಆಮೇಲೆ ಸ್ಕ್ಯಾನರ್, ಆಮೇಲೆ ಟಿಕೆಟ್ ಮತ್ತು ಗುರುತಿನ ಚೀಟಿ, ಆಮೇಲೆ ಮತ್ತೊಂದು ಸ್ಕ್ಯಾನರ್. ಮದ್ಯದ ಬಾಟಲಿ, ಹಣ್ಣು ಹೆಚ್ಚುವ ಚಾಕು ಒಳಗೆ ಬಿಡುವುದಿಲ್ಲ. ಪ್ಲಾಸ್ಟಿಕ್ ಕವರುಗಳನ್ನು ಕೆನ್ಯಾ 2017ರ ಆಗಸ್ಟಿನಲ್ಲೇ ನಿಷೇಧಿಸಿದೆ. ಊರಿನಿಂದ ಚಟ್ನಿಪುಡಿ, ಉಪ್ಪಿನಕಾಯಿಯನ್ನು ಕ್ಯಾರಿ ಬ್ಯಾಗಿನಲ್ಲಿ ಸುತ್ತಿ ತರುವವರು ಬಟ್ಟೆ ಚೀಲಕ್ಕೆ ಬದಲಾಯಿಸಿಕೊಳ್ಳುವುದು ಲೇಸು.

ಬೋಗಿ ಹೇಗಿದೆ? ಎಕಾನಮಿಯಲ್ಲಿ ಒಂದು ಕಡೆ ಮೂರು, ಇನ್ನೊಂದು ಕಡೆ ಎರಡು ಸೀಟು, ಎದುರುಬದುರು, ನಡುವೆ ಪುಟ್ಟ ಮೇಜು. ಬೆನ್ನು ನೆಟ್ಟಗೆ, ಹಿಂದಕ್ಕೆ ಬಾಗುವುದಿಲ್ಲ. ಎದುರಿನವರ ಮೊಣಕಾಲು ನಿಮ್ಮ ಮೊಣಕಾಲಿಗೆ ತಾಗುತ್ತದೆ. ಎತ್ತರದವರಿಗೆ ಐದು ಗಂಟೆ ಕಷ್ಟವೇ. ಫಸ್ಟ್ ಕ್ಲಾಸಿನಲ್ಲಿ ಎರಡು–ಎರಡು, ಕಾಲಿಗೆ ಜಾಗ ಧಾರಾಳ. ಎ.ಸಿ. ಎರಡರಲ್ಲೂ ಇದೆ, ಚೊಕ್ಕಟತನವೂ ಎರಡರಲ್ಲೂ ಇದೆ. ಮೂರು ಪಟ್ಟು ಕೊಡುವಷ್ಟು ವ್ಯತ್ಯಾಸವಿಲ್ಲ ಎನ್ನುವುದು ನನ್ನ ಅಭಿಪ್ರಾಯ. ವಯಸ್ಸಾದ ಅಪ್ಪ ಅಮ್ಮ ಜೊತೆಗಿದ್ದರೆ ಮಾತ್ರ ಫಸ್ಟ್ ಕ್ಲಾಸ್ ತೆಗೆದುಕೊಳ್ಳಿ. ಬೆಳಗಿನ ಗಾಡಿಯಲ್ಲಿ ನೈರೋಬಿಯಿಂದ ಹೋಗುವಾಗ ಬಲಗಡೆ ಸೀಟು ಸಿಕ್ಕರೆ ಬಿಡಬೇಡಿ. ಬಿಸಿಲು ಎಡಕ್ಕೆ ಬೀಳುತ್ತದೆ. ಮೋಡವಿಲ್ಲದ ದಿನ ಎಮಾಲಿ ದಾಟುವಾಗ ಕಿಲಿಮಂಜಾರೋ ಕಾಣುವುದೂ ಬಲಕ್ಕೇ. ಮುಂದೆ ತ್ಸಾವೋ ಅಭಯಾರಣ್ಯದ ಕೆಂಪು ಮಣ್ಣು ಎರಡೂ ಕಡೆ. ಹಳಿ ಎತ್ತರದ ದಿಬ್ಬದ ಮೇಲಿದೆ, ಬೇಲಿ ಇದೆ, ಪ್ರಾಣಿಗಳು ದಾಟಲೆಂದು ಅಲ್ಲಲ್ಲಿ ಅಡಿಯಲ್ಲಿ ದಾರಿ ಬಿಟ್ಟಿದ್ದಾರೆ. ಕೆಂಪು ಧೂಳು ಮೆತ್ತಿಕೊಂಡ ಆನೆಗಳು ಕಣ್ಣಿಗೆ ಬಿದ್ದರೆ ಅದೃಷ್ಟ. ಸಫಾರಿಯ ಬದಲಿಗೆ ಇದೇ ಸಾಕು ಎಂದುಕೊಂಡು ಮಾತ್ರ ಬರಬೇಡಿ.

ತಿಂಡಿ ಸಾಧಾರಣ. ಸಸ್ಯಾಹಾರಿಗಳು ನೈರೋಬಿಯ ಪಾರ್ಕ್‌ಲ್ಯಾಂಡ್ಸ್‌ನ ಡೈಮಂಡ್ ಪ್ಲಾಜಾದಲ್ಲಿ ಪಾರ್ಸೆಲ್ ಕಟ್ಟಿಸಿಕೊಂಡು ಹೊರಡುವುದು ವಾಸಿ. ಚಪಾತಿ, ಸಮೋಸ, ಭಜಿಯಾ ಆ ದೇಶದ ಮನೆಮಾತಾಗಿ ನೂರು ವರ್ಷವಾಗಿದೆ. ಹಳೇ ಮೀಟರ್ ಗೇಜ್ ಹಾಕಲು 1896ರಿಂದ 1901ರವರೆಗೆ ಬ್ರಿಟಿಷರು ಇಂಡಿಯಾದಿಂದ ಸುಮಾರು 32,000 ಕೂಲಿಗಳನ್ನು ಹಡಗಿನಲ್ಲಿ ಸಾಗಿಸಿದ್ದರು, ಹೆಚ್ಚಿನವರು ಪಂಜಾಬಿನವರು. ಸುಮಾರು 2,500 ಮಂದಿ ಅಲ್ಲೇ ಸತ್ತರು. ಆ ರೈಲಿನ ಡಿಪೋ ಸುತ್ತಲೇ ನೈರೋಬಿ ಎಂಬ ಊರು ಹುಟ್ಟಿತು, ಹಾಗಾಗಿ ಹಳೇ ನಿಲ್ದಾಣ ಇಂದಿಗೂ ಊರ ನಡುವೆ. ಹೊಸ ಹಳಿ ಬರುವ ಹೊತ್ತಿಗೆ ಊರಲ್ಲಿ ಜಾಗ ಉಳಿದಿರಲಿಲ್ಲ.

ಸಮಯಪಾಲನೆಗೆ ಹೆಸರಿಡುವಂತಿಲ್ಲ. ಗಂಟೆಗೆ 120 ಕಿಲೋಮೀಟರ್ ಗರಿಷ್ಠ ವೇಗ, ಹೊರಡುವ ಹೊತ್ತಿಗೆ ಸಿಬ್ಬಂದಿ ಪ್ಲಾಟ್‌ಫಾರಂನಲ್ಲಿ ಸಾಲಾಗಿ ಅಟೆನ್ಷನ್ನಿನಲ್ಲಿ ನಿಲ್ಲುತ್ತಾರೆ. ಆದರೆ ಇದು ಸಿಂಗಲ್ ಲೈನ್. ಎದುರಿನ ಗಾಡಿಗೆ ದಾರಿ ಬಿಡಲು ಕ್ರಾಸಿಂಗಿನಲ್ಲಿ ಕಾಯಿಸಿದರೆ ಕೆಟ್ಟು ನಿಂತಿತೆಂದು ಗಾಬರಿಯಾಗುವುದು ಬೇಡ.

ಮೊಂಬಾಸಾ ಟರ್ಮಿನಸ್ಸೂ ಮೊಂಬಾಸಾದಲ್ಲಿಲ್ಲ, ಮಿರಿತಿನಿಯಲ್ಲಿದೆ. ಸಮುದ್ರದ ಅಲೆಗಳ ಬಳೆಯಂತೆ ಕಟ್ಟಿದ ಸುಂದರ ಕಟ್ಟಡ. ದ್ವೀಪದ ಹಳೇ ಪೇಟೆಗೆ ಇನ್ನೂ ಹತ್ತು–ಹನ್ನೆರಡು ಕಿಲೋಮೀಟರ್. ಹೊರಗೆ ಕಾಲಿಟ್ಟ ಕೂಡಲೇ ಚಾಲಕರು ಮುತ್ತಿಕೊಳ್ಳುತ್ತಾರೆ. ಮೊದಲು ಹೇಳಿದ ದರಕ್ಕೆ ಒಪ್ಪಬೇಡಿ, ಆ್ಯಪ್ ಟ್ಯಾಕ್ಸಿಯ ದರ ನೋಡಿಕೊಂಡು ಚೌಕಾಸಿ ಮಾಡಿ. ಡಿಯಾನಿ ಬೀಚಿಗೆ ಹೋಗುವವರು ಲಿಕೋನಿ ಫೆರಿಯ ನೂಕುನುಗ್ಗಲು ತಪ್ಪಿಸಿ ಡೊಂಗೊ ಕುಂಡು ಬೈಪಾಸ್ ಹಿಡಿಯಲು ಚಾಲಕನಿಗೆ ಹೇಳಿ, ಅದು ಜಪಾನಿನ ಸಾಲದಲ್ಲಿ ಆದ ರಸ್ತೆ. ಪೇಟೆಗಾದರೆ ಟುಕ್‌ಟುಕ್ ಸಾಕು. ನಮ್ಮದೇ ಆಟೋ: ಬಜಾಜ್, ಟಿವಿಎಸ್ ಕಿಂಗ್. ಅದರ ಪಕ್ಕದಲ್ಲಿ ನಿಂತಿರುವ ಬೋಡಾ ಬೋಡಾ ಎಂಬ ಬಾಡಿಗೆ ಬೈಕುಗಳು ಬಜಾಜ್ ಬಾಕ್ಸರ್, ಟಿವಿಎಸ್ ಎಚ್‌ಎಲ್‌ಎಕ್ಸ್. ಚೀನಾದ ರೈಲು ಊರಾಚೆ ಬಿಟ್ಟುಹೋದವರನ್ನು ಮನೆ ಮುಟ್ಟಿಸುವುದು ಇಂಡಿಯಾದ ಮೂರು ಗಾಲಿ. ಇವುಗಳ ಹಿಂದೆ ಸರ್ಕಾರದ ಸಾಲ ಇಲ್ಲ, ಚಾಲಕನೇ ದಿನದ ಕಂತು ಕಟ್ಟುತ್ತಾನೆ. ಬಡ್ಡಿ ದುಬಾರಿ, ಕಂತು ತಪ್ಪಿದರೆ ಗಾಡಿ ಎತ್ತಿಕೊಂಡು ಹೋಗುತ್ತಾರೆ. ಆದರೆ ನಷ್ಟವಾದರೆ ಅದು ಇಡೀ ದೇಶದ ತಲೆಯ ಮೇಲೆ ಬೀಳುವುದಿಲ್ಲ.

ಇನ್ನು ರೈಲಿನ ಸಾಲ. ಚೀನಾದ ಪ್ರಧಾನಿ ಲಿ ಕೆಚಿಯಾಂಗ್ 2014ರ ಮೇನಲ್ಲಿ ನೈರೋಬಿಗೆ ಬಂದಾಗ ಆದ ಒಪ್ಪಂದ ಇದು. ಮೊದಲ ಹಂತದ ಖರ್ಚಿನ ಸುಮಾರು ಶೇ. 90ರಷ್ಟನ್ನು ಚೀನಾದ ಎಕ್ಸಿಮ್ ಬ್ಯಾಂಕ್ ಕೊಟ್ಟಿತು, ಎರಡು ಸಾಲವಾಗಿ ಒಟ್ಟು 320 ಕೋಟಿ ಡಾಲರಿಗೂ ಹೆಚ್ಚು. ಒಂದು ಅಗ್ಗದ್ದು: ಶೇ. 2 ಬಡ್ಡಿ, 20 ವರ್ಷ, ಮೊದಲ 7 ವರ್ಷ ಅಸಲು ಕಟ್ಟಬೇಕಾಗಿಲ್ಲ. ಇನ್ನೊಂದು ಮಾರುಕಟ್ಟೆ ದರದ್ದು: ಲೈಬರ್ (ಬ್ಯಾಂಕುಗಳ ನಡುವಿನ ಸಾಲದ ಏರಿಳಿಯುವ ಆಧಾರ ದರ) ಮೇಲೆ ಶೇ. 3.6, 15 ವರ್ಷ, 5 ವರ್ಷದ ವಿನಾಯಿತಿ. ಸಾಲ ತೀರಿಸಬೇಕಾದದ್ದು ಡಾಲರಿನಲ್ಲಿ, ಟಿಕೆಟ್ ಮಾರುವುದು ಶಿಲ್ಲಿಂಗಿನಲ್ಲಿ. ಸಾಲ ಮಾಡಿದಾಗ ಡಾಲರಿಗೆ 90ರೊಳಗಿದ್ದ ಶಿಲ್ಲಿಂಗ್ 2024ರ ಜನವರಿಯಲ್ಲಿ 160ರ ಹತ್ತಿರ ಬಿದ್ದಿತ್ತು. ಅದೇ ಹೊತ್ತಿಗೆ ಅಮೆರಿಕದ ಬಡ್ಡಿ ದರ ಏರಿ ಎರಡನೇ ಸಾಲದ ಬಡ್ಡಿಯೂ ತಾನಾಗಿ ಏರಿತು. ಟಿಕೆಟ್ ದರ ಒಂದೂವರೆ ಪಟ್ಟಾದದ್ದು ಅದೇ ತಿಂಗಳು. ಡೀಸೆಲ್ ಕೂಡ ಡಾಲರ್ ಕೊಟ್ಟು ತರಿಸುವ ಮಾಲು ತಾನೆ. 2025ರ ಅಕ್ಟೋಬರಿನಲ್ಲಿ ಕೆನ್ಯಾ ಈ ರೈಲಿನ ಸಾಲಗಳನ್ನು ಯುವಾನಿಗೆ ಬದಲಾಯಿಸಿಕೊಂಡಿತು. ವರ್ಷಕ್ಕೆ ಸುಮಾರು 21.5 ಕೋಟಿ ಡಾಲರ್ ಉಳಿಯುತ್ತದೆ ಎಂದು ಸರ್ಕಾರದ ಲೆಕ್ಕ. ಬಡ್ಡಿ ಇಳಿದದ್ದು ನಿಜ. ಆದರೆ ಕೆನ್ಯಾ ಯುವಾನಿನಲ್ಲೂ ಸಂಪಾದಿಸುವುದಿಲ್ಲ, ವಿನಿಮಯ ದರದ ಅಪಾಯದ ಹೆಸರು ಬದಲಾಗಿದೆ ಅಷ್ಟೇ.

ಒಪ್ಪಂದದ ಕಾಗದ ಹೊರಬಂದದ್ದು 2022ರ ನವೆಂಬರಿನಲ್ಲಿ. ವಸ್ತು, ತಂತ್ರಜ್ಞಾನ, ಸೇವೆ ಕೊಳ್ಳುವಾಗ ಚೀನಾಕ್ಕೆ ಆದ್ಯತೆ, ವಿವಾದವಾದರೆ ಬೀಜಿಂಗಿನಲ್ಲಿ ಪಂಚಾಯ್ತಿ, ಷರತ್ತುಗಳನ್ನು ಗುಟ್ಟಾಗಿಡಬೇಕು ಎಂದೆಲ್ಲ ಅದರಲ್ಲಿದೆ. ಬಂದರನ್ನೇ ಅಡವಿಟ್ಟಿದ್ದಾರೆ ಎಂಬ ಗುಲ್ಲು ವರ್ಷಗಟ್ಟಲೆ ಹಬ್ಬಿತ್ತು. ಆ ಗುಲ್ಲಿನ ಹಿಂದೆ ಬಿದ್ದವರು ನಿಜವಾದ ಪೆಟ್ಟು ಎಲ್ಲಿದೆ ಎಂಬುದನ್ನು ನೋಡಲಿಲ್ಲ. ಪೈಪೋಟಿಯ ಟೆಂಡರ್ ಇಲ್ಲದೆ ಗುತ್ತಿಗೆ ಕೊಟ್ಟದ್ದೇ ಆ ಪೆಟ್ಟು. ಆ ಖರೀದಿ ಕಾನೂನುಬಾಹಿರ ಎಂದು ಕೆನ್ಯಾದ ಮೇಲ್ಮನವಿ ನ್ಯಾಯಾಲಯ 2020ರ ಜೂನಿನಲ್ಲಿ ಹೇಳಿತು. ಅಷ್ಟರಲ್ಲಿ ಗಾಡಿ ಓಡಲು ಶುರುವಾಗಿ ಮೂರು ವರ್ಷವಾಗಿತ್ತು. 2023ರಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಳ್ಳಿಹಾಕಿತು. ಹಳೇ ಮೀಟರ್ ಗೇಜನ್ನೇ ರಿಪೇರಿ ಮಾಡಿದರೆ ಎಷ್ಟೋ ಕಡಿಮೆ ಖರ್ಚಿನಲ್ಲಿ ಆಗುತ್ತದೆ ಎಂದು ವಿಶ್ವಬ್ಯಾಂಕ್ 2013ರಲ್ಲೇ ಹೇಳಿತ್ತು, ಕೇಳಿಸಿಕೊಂಡವರಿಲ್ಲ.

ಪ್ರಯಾಣಿಕರ ದುಡ್ಡಿನಿಂದ ಈ ಸಾಲ ತೀರುವುದಿಲ್ಲ. 2023ರಲ್ಲಿ ಸುಮಾರು 27 ಲಕ್ಷ ಜನ ಓಡಾಡಿದರು, ಗಾಡಿಗಳು ತುಂಬಿಯೇ ಹೋಗುತ್ತವೆ, ಆದರೂ ಅದು ಚಿಲ್ಲರೆ. ಸಾಲ ತೀರಬೇಕಾದದ್ದು ಕಂಟೇನರಿನಿಂದ. ವರ್ಷಕ್ಕೆ 2.2 ಕೋಟಿ ಟನ್ ಸಾಗಿಸುತ್ತದೆ ಎಂದು ಕಟ್ಟಿದ ಹಳಿಯಲ್ಲಿ 2023ರಲ್ಲಿ ಹೋದದ್ದು 65 ಲಕ್ಷ ಟನ್ನಿನ ಆಸುಪಾಸು.

ಏಕೆ ಹೀಗೆ ಎಂಬುದು ಒಂದು ಕಂಟೇನರ್ ಹಿಂದೆ ಹೋದರೆ ತಿಳಿಯುತ್ತದೆ. ಲಾರಿಯಾದರೆ ಬಂದರಿನಲ್ಲಿ ಒಮ್ಮೆ ಎತ್ತಿ ಇಟ್ಟರೆ ಮುಗಿಯಿತು, ನೈರೋಬಿಯ ಇಂಡಸ್ಟ್ರಿಯಲ್ ಏರಿಯಾದ ಗೋದಾಮಿನ ಬಾಗಿಲಿಗೇ ಇಳಿಸುತ್ತದೆ. ರೈಲಾದರೆ ಬಂದರಿನಲ್ಲಿ ವ್ಯಾಗನ್ನಿಗೆ ಏರಿಸಬೇಕು, ನೈರೋಬಿಯ ಎಂಬಾಕಾಸಿ ಡಿಪೋದಲ್ಲಿ ಇಳಿಸಬೇಕು, ಅಲ್ಲಿ ಕಸ್ಟಮ್ಸ್ ಮುಗಿಯುವ ತನಕ ಯಾರ್ಡಿನಲ್ಲಿ ಬಿಡಬೇಕು, ಮತ್ತೆ ಲಾರಿಗೆ ಏರಿಸಿ ಗೋದಾಮಿಗೆ ಸಾಗಿಸಬೇಕು. ಕ್ರೇನ್ ಮುಟ್ಟಿದಷ್ಟು ಸಲವೂ ಬಿಲ್ಲು. ಖಾಲಿ ಕಂಟೇನರನ್ನು ಗಡುವಿನೊಳಗೆ ಹಡಗು ಕಂಪನಿಗೆ ಹಿಂತಿರುಗಿಸದಿದ್ದರೆ ದಂಡ. ಎಂಬಾಕಾಸಿ ತುಂಬಿ ತುಳುಕಿದ 2018ರಲ್ಲಿ ವ್ಯಾಪಾರಿಗಳ ಕೂಗು ಮುಗಿಲು ಮುಟ್ಟಿದ್ದು ಇದಕ್ಕೇ. ರೈಲಿನ ಸಾಗಣೆ ದರ ಲಾರಿಗಿಂತ ಕಡಿಮೆ ಎಂದು ಜಾಹೀರಾತಿನಲ್ಲಿ ತೋರಿಸುವಾಗ ಈ ಕೊನೆಯ ಹದಿನೈದಿಪ್ಪತ್ತು ಕಿಲೋಮೀಟರಿನ ಖರ್ಚು ಅದರಲ್ಲಿ ಇರುತ್ತಿರಲಿಲ್ಲ.

ಜೊತೆಗೆ ಭೂಗೋಳವೂ ಎದುರಾಳಿ. ಮೊಂಬಾಸಾ ಸಮುದ್ರ ಮಟ್ಟದಲ್ಲಿದೆ, ನೈರೋಬಿ 1,600 ಮೀಟರಿಗೂ ಎತ್ತರದಲ್ಲಿ. ಕೆನ್ಯಾ ತರಿಸಿಕೊಳ್ಳುವುದು ಹೆಚ್ಚು, ಕಳಿಸುವುದು ಕಡಿಮೆ. ಹಾಗಾಗಿ ಭರ್ತಿ ಗಾಡಿ ಏರು ಹತ್ತುತ್ತದೆ, ಖಾಲಿ ಗಾಡಿ ಇಳಿಯುತ್ತದೆ. ಎಂಜಿನ್ನಿಗೆ ಇದಕ್ಕಿಂತ ಕೆಟ್ಟ ಜೋಡಣೆ ಇಲ್ಲ. ಭೂಶಾಖದಿಂದ ಬೇಕಾದಷ್ಟು ವಿದ್ಯುತ್ ಮಾಡಬಲ್ಲ ದೇಶ ಇಂಥ ಏರಿಗೆ ಡೀಸೆಲ್ ಎಂಜಿನ್ನು ಕೊಂಡದ್ದು ಇಡೀ ವ್ಯವಹಾರದಲ್ಲಿ ನನಗೆ ಕಾಣುವ ಅತಿ ದೊಡ್ಡ ತಾಂತ್ರಿಕ ತಪ್ಪು.

ಸರಕು ತಾನಾಗಿ ಬರಲಿಲ್ಲವೆಂದು ಬಲವಂತ ಮಾಡಿದರು. ಇಷ್ಟು ಸರಕು ಕೊಟ್ಟೇ ಕೊಡುತ್ತೇವೆ ಎಂದು ಬಂದರು ಪ್ರಾಧಿಕಾರ ಮೊದಲೇ ಬರೆದುಕೊಟ್ಟಿತ್ತು. ಅದರ ಹಿಂದೆಯೇ ನೈರೋಬಿಯ ಕಂಟೇನರುಗಳೆಲ್ಲ ರೈಲಿನಲ್ಲೇ ಹೋಗಬೇಕೆಂಬ ಆದೇಶ. ಮೊಂಬಾಸಾದ ಲಾರಿ ಮಾಲೀಕರು, ಯಾರ್ಡಿನ ಕೂಲಿಗಳು, ಮರಿಯಾಕಾನಿ, ವೋಯಿ, ಮ್ಟಿಟೊ ಆಂಡೇಯ ಹೆದ್ದಾರಿ ಹೋಟೆಲಿನವರ ಹೊಟ್ಟೆಯ ಮೇಲೆ ಹೊಡೆದಂತಾಯಿತು, 2019ರಲ್ಲಿ ಜನ ಬೀದಿಗಿಳಿದರು. 2020ರಲ್ಲಿ ಹೈಕೋರ್ಟ್ ಆ ಆದೇಶವನ್ನು ತಳ್ಳಿಹಾಕಿತು, 2022ರ ಸೆಪ್ಟೆಂಬರಿನಲ್ಲಿ ಅಧ್ಯಕ್ಷರಾದ ಕೂಡಲೇ ವಿಲಿಯಂ ರೂಟೊ ಕ್ಲಿಯರೆನ್ಸ್ ಕೆಲಸವನ್ನು ಮೊಂಬಾಸಾಗೆ ಹಿಂತಿರುಗಿಸಿದರು. ಈಗ ರೈಲಿಗೆ ಬರುವ ಸರಕು ಇಷ್ಟಪಟ್ಟು ಬಂದದ್ದು. ಅದು ವರ್ಷವರ್ಷ ಏರುತ್ತಿದೆ ಎನ್ನುವುದನ್ನೂ ಹೇಳಬೇಕು.

ಮೂರನೇ ತುದಿ ಇನ್ನೂ ವಿಚಿತ್ರ. ನೈರೋಬಿಯಿಂದ ಮುಂದಕ್ಕೆ ಇನ್ನೂ 150 ಕೋಟಿ ಡಾಲರ್ ಸಾಲದಲ್ಲಿ 120 ಕಿಲೋಮೀಟರ್ ಹಾಕಿ, 2019ರ ಅಕ್ಟೋಬರಿನಲ್ಲಿ ತೆರೆದರು. ಕಿಸುಮು, ಗಡಿಯ ಮಲಾಬಾ ದಾಟಿ ಉಗಾಂಡಾಕ್ಕೆ ಹೋಗಬೇಕಾಗಿದ್ದ ಹಳಿ ಸುಸ್ವಾ ಬಯಲಿನಲ್ಲಿ, ನೈವಾಶಾ ಹೆಸರಿನ ಡಿಪೋದ ಹತ್ತಿರ, ನಿಂತುಬಿಟ್ಟಿತು. ಮುಂದಿನ ಭಾಗಕ್ಕೆ ಚೀನಾ ಹಣ ಕೊಡಲಿಲ್ಲ. ಉಗಾಂಡಾದ ಸರಕು ಸಿಕ್ಕಿದ್ದರೆ ತಾನೇ 2.2 ಕೋಟಿ ಟನ್ನಿನ ಲೆಕ್ಕ ಹತ್ತಿರ ಬರುತ್ತಿದ್ದುದು? ಸಾಲ ಕೊಡುವವನು ಅರ್ಧಕ್ಕೆ ಕೈ ಬಿಟ್ಟರೆ ಮೊದಲರ್ಧದ ಲೆಕ್ಕವೂ ತಲೆಕೆಳಗಾಗುತ್ತದೆ, ಕಂತು ಮಾತ್ರ ನಿಲ್ಲುವುದಿಲ್ಲ. ನೈವಾಶಾ ನೋಡಲು ಹೋಗುವ ಪ್ರವಾಸಿಗರು ಈ ಗಾಡಿಯನ್ನು ನೆಚ್ಚಬೇಡಿ, ಸರೋವರಕ್ಕೆ ಅದು ಹತ್ತಿರವೂ ಹೋಗುವುದಿಲ್ಲ. ಮಟಾಟು ವ್ಯಾನು ಅಥವಾ ಕಾರೇ ಸರಿ.

ಹೋಲಿಸಿ ನೋಡಲು ಪಕ್ಕದ ಟಾಂಜಾನಿಯಾ ಇದೆ. ಅಲ್ಲಿ ದಾರೆಸ್ಸಲಾಮಿನಿಂದ ಡೊಡೊಮಾ ತನಕದ ಹಳಿಯನ್ನು ಹಾಕಿದ್ದು ತುರ್ಕಿಯ ಯಾಪಿ ಮರ್ಕೆಜಿ ಕಂಪನಿ. ವಿದ್ಯುತ್ ಗಾಡಿ, 160 ಕಿಲೋಮೀಟರ್ ವೇಗ, 2024ರಿಂದ ಓಡುತ್ತಿದೆ. ಹೆಚ್ಚಿನ ಮಾತೆಂದರೆ ದಾರೆಸ್ಸಲಾಮಿನ ನಿಲ್ದಾಣ ಊರ ನಡುವೆಯೇ, ಹಳೇ ನಿಲ್ದಾಣದ ಮಗ್ಗುಲಲ್ಲೇ ಇದೆ. ಕರೆಂಟು ಕೈಕೊಟ್ಟು ಗಾಡಿ ನಿಂತದ್ದೂ ಉಂಟು. ಆದರೂ ಎರಡರಲ್ಲಿ ಒಂದನ್ನು ಹತ್ತಿ ಎಂದರೆ ನಾನು ಅದನ್ನೇ ಹೇಳುತ್ತೇನೆ. ಇಥಿಯೋಪಿಯಾದ ಅಡಿಸ್ ಅಬಾಬಾ–ಜಿಬೂಟಿ ರೈಲು ಚೀನಾದ್ದೇ, ವಿದ್ಯುತ್ತಿನದು, ನಿಲ್ದಾಣಗಳು ಮಾತ್ರ ಮತ್ತೆ ಊರಾಚೆ. ಅದರ ಸಾಲದ ಅವಧಿಯನ್ನು 2018ರಲ್ಲಿ 10ರಿಂದ 30 ವರ್ಷಕ್ಕೆ ಎಳೆಯಬೇಕಾಯಿತು. ಚೀನಾ ಒಂದನ್ನೇ ಬೈದು ಫಲವಿಲ್ಲ. ನಮ್ಮ ಎಕ್ಸಿಮ್ ಬ್ಯಾಂಕ್ ಆಫ್ರಿಕಾಕ್ಕೆ ಕೊಡುವ ಸಾಲದಲ್ಲೂ ಸಾಮಾನ್ಯವಾಗಿ ಮುಕ್ಕಾಲು ಪಾಲು ಮಾಲು ಇಂಡಿಯಾದಿಂದಲೇ ಕೊಳ್ಳಬೇಕೆಂಬ ಷರತ್ತಿದೆ. ಕೊಡುವವನು ತನ್ನ ಕಾರ್ಖಾನೆಯ ಕೆಲಸ ನೋಡಿಕೊಳ್ಳುತ್ತಾನೆ. ನಿಲ್ದಾಣ ಎಲ್ಲಿರಬೇಕು, ಎಂಜಿನ್ನು ಯಾವುದಿರಬೇಕು, ಸಾಲ ಯಾವ ನಾಣ್ಯದಲ್ಲಿರಬೇಕು ಎಂದು ಪಟ್ಟು ಹಿಡಿಯುವುದು ಕೊಳ್ಳುವವನ ಕೆಲಸ. ನೈರೋಬಿ ಆ ಕೆಲಸ ಮಾಡಲಿಲ್ಲ.

ಸದ್ಯಕ್ಕೆ ಉಗಾಂಡಾ ಕೂಡ ತುರ್ಕಿಯ ಅದೇ ಕಂಪನಿಯ ಕಡೆ ತಿರುಗಿದೆ: ಮಲಾಬಾದಿಂದ ಕಂಪಾಲಾ ತನಕ 272 ಕಿಲೋಮೀಟರಿಗೆ 2024ರ ಅಕ್ಟೋಬರಿನಲ್ಲಿ ಸಹಿಯಾಯಿತು, ಇದೂ ವಿದ್ಯುತ್ತಿನದೇ. ಇತ್ತ ಕೆನ್ಯಾ ನೈವಾಶಾದಿಂದ ಮಲಾಬಾ ಮುಟ್ಟಿಸಲು ಆಮದು ಸರಕಿನ ಮೇಲೆ ಹಾಕುವ ರೈಲ್ವೆ ಸುಂಕವನ್ನೇ ಮುಂದಿಟ್ಟು ಹಣ ಎತ್ತಲು ಹೊರಟಿದೆ. ಎರಡೂ ಗಡಿಯಲ್ಲಿ ಕೂಡಿದ ದಿನ ಒಂದು ಕಡೆ ತಂತಿಯ ಎಂಜಿನ್ನು, ಇನ್ನೊಂದು ಕಡೆ ಡೀಸೆಲ್ಲು, ಮಲಾಬಾದಲ್ಲಿ ಎಂಜಿನ್ ಬದಲಾವಣೆ. ಅಲ್ಲಿಯತನಕ ಕಂಪಾಲಾದ ಕಂಟೇನರ್ ನೈವಾಶಾದ ಡಿಪೋದಲ್ಲಿ ಇಳಿದು ಹಳೇ ಮೀಟರ್ ಗೇಜನ್ನೋ ಲಾರಿಯನ್ನೋ ಹತ್ತಬೇಕು, ಅಲ್ಲೂ ಕ್ರೇನಿನ ಬಿಲ್ಲು ಬೇರೆ.